ಘಟ್ಟ ಇಳಿದು ಊರಿಗೆ ಹೋಗುವ ಮುನ್ನ: ಸೆಕೆ, ಸಿಡಿಲು, ಗಾಳಿಮಳೆಗೆ ರೋಗಿಯ ಮನೆಯ ಸಿದ್ಧತೆ

(ಆಸ್ಪತ್ರೆಯ ಆರೋಗ್ಯ ಶಿಕ್ಷಣ ಕಾರ್ಯಕ್ರಮದಲ್ಲಿ ರೋಗಿಗಳು ಮತ್ತು ಅವರ ಬಂಧುಗಳಿಗಾಗಿ ಶುಶ್ರೂಷಾ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಮಧ್ಯಾಹ್ನದ ಪ್ರಸಾದ ಮುಗಿಸಿ ಬಂದಿದ್ದೀರಿ. ಕೆಲವರಿಗೆ ನಿದ್ದೆಯ ಹೊತ್ತು ಎಂಬುದೂ ನನಗೆ ಗೊತ್ತು. ಆದರೂ ಅರ್ಧ ಗಂಟೆ ನನ್ನ ಮಾತಿಗೆ ಕಿವಿಗೊಡಿ. ನಮ್ಮ ವಾರ್ಡುಗಳಲ್ಲಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಕಡೆಯಿಂದ ಘಟ್ಟ ಹತ್ತಿ ಬಂದವರು ಬಹಳ ಜನ ಇದ್ದೀರಿ. ಇಂದಿನ ಮಾತು ಮುಖ್ಯವಾಗಿ ನಿಮಗಾಗಿ. ಘಟ್ಟದ ಮೇಲಿನವರೂ ಕೇಳಿ. ಕಡಲ ತೀರದಲ್ಲಿ ನಿಮಗೂ ನೆಂಟರಿರಬಹುದು, ಮಕ್ಕಳು ಪ್ರವಾಸಕ್ಕೆ ಹೋಗಬಹುದು. ಸಿಡಿಲು, ಬಿಸಿಲು ಎಲ್ಲ ಊರಿಗೂ ಬರುತ್ತವೆ.

ಇಲ್ಲಿ ಚಿಕಿತ್ಸೆ ಮುಗಿಸಿ ನೀವು ಮನೆಗೆ ಹೋಗುತ್ತೀರಿ. ಊರಿನ ಹವಾಮಾನ ನಿಮಗೆ ಹೊಸದಲ್ಲ. ಹುಟ್ಟಿದಾಗಿನಿಂದ ಆ ಮಳೆ, ಆ ಸೆಕೆ ಕಂಡವರು ನೀವು. ಆದರೆ ಈಗ ಮನೆಗೆ ಹೋಗುತ್ತಿರುವ ದೇಹ ಮೊದಲಿನ ದೇಹವಲ್ಲ. ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹೊಸ ಹೊಲಿಗೆ, ಪ್ಲಾಸ್ಟರ್ ಹಾಕಿದ ಕಾಲು, ತುಂಬು ಗರ್ಭ, ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಅದೇ ಮಳೆ, ಅದೇ ಬಿಸಿಲು ಬೇರೆ ರೀತಿಯಲ್ಲಿ ಕಾಡುತ್ತದೆ. ಹವಾಮಾನದ ಪೆಟ್ಟು ಮನೆಯಲ್ಲಿ ಮೊದಲು ಬೀಳುವುದು ರೋಗಿಯ ಮೇಲೆ. ಆದ್ದರಿಂದ ಮನೆಯ ಸಿದ್ಧತೆಯೂ ರೋಗಿಯಿಂದಲೇ ಆರಂಭವಾಗಬೇಕು. ಅದನ್ನು ಆಕಾಶ ತಿಳಿಯಾಗಿರುವಾಗ ಮಾಡಬೇಕು. ನಾನು ಹೇಳುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ವರ್ಷದ ಕ್ರಮದಲ್ಲೇ ಹೋಗೋಣ. ಮೊದಲು ಸೆಕೆ, ಆಮೇಲೆ ಸಿಡಿಲು, ನಂತರ ಮಳೆ ಮತ್ತು ಚಂಡಮಾರುತ.

1. ಸೆಕೆ

ಕರಾವಳಿಯ ಬೇಸಿಗೆಯನ್ನು ಬಿಸಿಲು ಎನ್ನುವುದಕ್ಕಿಂತ ಸೆಕೆ ಎನ್ನುವುದೇ ಸರಿ. ಬೆವರು ಆರಿದಾಗ ಮೈ ತಂಪಾಗುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ಮನೆ ಹರಿದುಹೋಗುತ್ತದೆ. ನೀರೂ ಉಪ್ಪೂ ನಷ್ಟವಾಗುತ್ತವೆ, ಮೈ ಮಾತ್ರ ತಂಪಾಗುವುದಿಲ್ಲ. ಆದ್ದರಿಂದಲೇ ಹವಾಮಾನ ಇಲಾಖೆ ಬಿಸಿಗಾಳಿಯನ್ನು ಗುರುತಿಸುವಾಗ ಬಯಲು ಪ್ರದೇಶಕ್ಕೆ 40 ಡಿಗ್ರಿ ಸೆಲ್ಸಿಯಸ್ ಲೆಕ್ಕ ಹಿಡಿದರೆ, ಕರಾವಳಿಗೆ 37 ಡಿಗ್ರಿಯಿಂದಲೇ ಪರಿಗಣಿಸುತ್ತದೆ. ಜೊತೆಗೆ ಆ ದಿನದ ಉಷ್ಣತೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. 2025ರಲ್ಲಿ ಫೆಬ್ರವರಿ ತಿಂಗಳ ಕೊನೆಯಲ್ಲೇ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಬಂದಿತ್ತು. ಅಂದರೆ ಮೇ ತಿಂಗಳವರೆಗೆ ಕಾಯದೆ ಶಿವರಾತ್ರಿಯ ಹೊತ್ತಿಗೇ ಎಚ್ಚರ ಬೇಕು.

ಏನು ಮಾಡಬೇಕು?

• ಬೆಳಿಗ್ಗೆ 11ರಿಂದ ಮಧ್ಯಾಹ್ನ 4ರವರೆಗೆ ರೋಗಿಯನ್ನು ಬಿಸಿಲಿಗೆ ಕಳಿಸಬೇಡಿ. ತಗಡಿನ ಮಾಡಿನ ಕೋಣೆಯಲ್ಲಿ ಮಲಗಿಸಬೇಡಿ. ಹಂಚಿನ ಮನೆಯ ಜಗಲಿ, ಮರದ ನೆರಳಿನ ಬದಿಯ ಕೋಣೆ ಒಳ್ಳೆಯದು.
• ಬಾಯಾರಿಕೆ ಆಗಲಿ ಎಂದು ಕಾಯಬೇಡಿ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಗಂಜಿ ತಿಳಿಗೆ ಚಿಟಿಕೆ ಉಪ್ಪು, ನೀರು ಮಜ್ಜಿಗೆ, ಮುರುಗಲು ಹಣ್ಣಿನ ಪಾನಕ, ಎಲ್ಲವೂ ಒಳ್ಳೆಯದೇ. ಸಕ್ಕರೆ ಕಾಯಿಲೆಯವರ ಪಾನಕಕ್ಕೆ ಸಕ್ಕರೆ, ಬೆಲ್ಲ ಬೇಡ.
• ಒದ್ದೆ ಬಟ್ಟೆಯಿಂದ ಮೈ ಒರೆಸಿ ಫ್ಯಾನ್ ಗಾಳಿಗೆ ಕೂರಿಸಿ. ಸುಡುವ ಸೆಕೆಯಲ್ಲಿ ಫ್ಯಾನ್ ಒಂದೇ ಸಾಲದು.

ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು ಎಳನೀರಿನದು. ಕರಾವಳಿಯ ಮನೆಯಲ್ಲಿ ಯಾರಿಗೆ ಸುಸ್ತಾದರೂ ಮೊದಲು ಕೊಡುವುದು ಎಳನೀರು. ಆರೋಗ್ಯವಂತರಿಗೆ ಅದು ಒಳ್ಳೆಯದು. ಆದರೆ ಅದರಲ್ಲಿ ಪೊಟ್ಯಾಸಿಯಂ ಎಂಬ ಲವಣ ಹೆಚ್ಚು. ಮೂತ್ರಪಿಂಡದ ಕಾಯಿಲೆ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಅದನ್ನು ಕುಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಏರುಪೇರಾಗಬಹುದು. ನೋಡಲು ಬಂದ ನೆಂಟರು ಪ್ರೀತಿಯಿಂದ ತಂದ ಎಳನೀರು ಇಂಥವರಿಗೆ ಅಪಾಯ. ಮನೆಯವರೆಲ್ಲರಿಗೂ ಇದನ್ನು ತಿಳಿಸಿ.

ಎರಡನೆಯದು ಮಾತ್ರೆಗಳದು. ಹೃದಯ, ರಕ್ತದೊತ್ತಡದ ಕಾಯಿಲೆಗೆ ಮೂತ್ರ ಹೆಚ್ಚಾಗಿ ಹೋಗುವ ಮಾತ್ರೆ ಕೊಟ್ಟಿರುತ್ತಾರೆ. ಬೆವರೂ ಹೆಚ್ಚಾಗಿ ಮೂತ್ರವೂ ಹೆಚ್ಚಾದರೆ ತಲೆ ಸುತ್ತಿ ಬೀಳುವ ಸಂಭವ ಇದೆ. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬಾರದು. ಡಿಸ್ಚಾರ್ಜ್ ಆಗುವ ದಿನವೇ ವೈದ್ಯರನ್ನು ಕೇಳಿ: “ಡಾಕ್ಟರೇ, ನಮ್ಮೂರಲ್ಲಿ ಸೆಕೆ ಜಾಸ್ತಿ. ದಿನಕ್ಕೆ ಎಷ್ಟು ನೀರು ಕುಡಿಯಬೇಕು? ಈ ಮಾತ್ರೆ ಹೀಗೇ ಮುಂದುವರಿಸಬೇಕೇ?” ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಸೆಕೆಯ ತುರ್ತು ಪರಿಸ್ಥಿತಿಯನ್ನು ಗುರುತಿಸುವುದು ಹೇಗೆ? ಸುಸ್ತು, ಸ್ನಾಯು ಸೆಳೆತ, ತಲೆನೋವು, ವಾಕರಿಕೆ ಇದ್ದರೆ ನೆರಳಿಗೆ ಕರೆತಂದು ಓಆರ್‌ಎಸ್ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಹಾಕಿ. ಮೂತ್ರಪಿಂಡ, ಹೃದಯದ ರೋಗಿಗಳಿಗೆ ಮಾತ್ರ ಇದನ್ನೂ ವೈದ್ಯರು ಹೇಳಿದ ಅಳತೆಯಲ್ಲೇ ಕೊಡಬೇಕು.

ಆದರೆ ರೋಗಿ ತಡಬಡಿಸಿ ಮಾತಾಡುತ್ತಿದ್ದರೆ, ಗುರುತು ಹಿಡಿಯದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಹೀಟ್ ಸ್ಟ್ರೋಕ್. ಮೈ ಶಾಖ 104 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿರುತ್ತದೆ ಅಥವಾ ದಾಟಿರುತ್ತದೆ. ಇದಕ್ಕೆ ಜ್ವರದ ಮಾತ್ರೆ ನಾಟುವುದಿಲ್ಲ. ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ, ಇನ್ನೊಬ್ಬರು ಆ ಕ್ಷಣದಿಂದಲೇ ಮೈಮೇಲೆ ನೀರು ಸುರಿದು ಗಾಳಿ ಬೀಸಲಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣೀರ ಬಟ್ಟೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ವಾಹನ ಬರುವ ತನಕ ತಂಪು ಮಾಡುವುದನ್ನು ನಿಲ್ಲಿಸಬೇಡಿ.

2. ಸಿಡಿಲು

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್ ಆಸುಪಾಸಿನಲ್ಲಿ ಕರಾವಳಿಯಲ್ಲಿ ಗುಡುಗು ಸಿಡಿಲು ಜಾಸ್ತಿ. ಗುಡುಗು ನಿಮ್ಮ ಕಿವಿಗೆ ಕೇಳಿಸಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ ಎಂದೇ ತಿಳಿಯಿರಿ. ಮಳೆ ಶುರುವಾಗಲಿ ಎಂದು ಕಾಯಬೇಡಿ. ಒಳಗೆ ಬನ್ನಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಒಳಗೇ ಇರಿ.

ತೆಂಗಿನ ಮರದ ಬುಡ, ಅಡಿಕೆ ತೋಟ, ಬಯಲು ಗದ್ದೆ, ದೋಣಿ, ಬಾವಿಕಟ್ಟೆ, ಮೂರು ಬದಿ ತೆರೆದ ಶೆಡ್ಡು ಇವು ಸುರಕ್ಷಿತವಲ್ಲ. ಮನೆಯೊಳಗೆ ಇದ್ದಾಗಲೂ ನಲ್ಲಿ ನೀರಲ್ಲಿ ಸ್ನಾನ, ಪಾತ್ರೆ ತೊಳೆಯುವುದು, ಗೋಡೆಗೆ ಆತು ನಿಲ್ಲುವುದು ಬೇಡ. ಟಿವಿ, ಫ್ರಿಜ್ ಪ್ಲಗ್ಗನ್ನು ಗುಡುಗು ಆರಂಭವಾಗುವ ಮೊದಲೇ ತೆಗೆಯಿರಿ. ಚಾರ್ಜಿಗೆ ಹಾಕಿದ ಮೊಬೈಲ್ ಹಿಡಿದು ಮಾತಾಡಬೇಡಿ. ಬಯಲಲ್ಲಿ ಸಿಕ್ಕಿಬಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಪಾದಗಳೆರಡನ್ನೂ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ನೆಲಕ್ಕೆ ಮಲಗಬೇಡಿ. ಗುಂಪಾಗಿ ನಿಲ್ಲಬೇಡಿ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಮಾಡಿದ್ದಾರೆ. ನೀವು ಇರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯ ಸಿಡಿಲಿನ ಸೂಚನೆಯನ್ನು ಅದು ಕೊಡುತ್ತದೆ. ಮನೆಯ ಹುಡುಗರಿಗೆ ಹೇಳಿ ಹಾಕಿಸಿಕೊಳ್ಳಿ.

ಸಿಡಿಲು ಬಡಿದವರನ್ನು ಮುಟ್ಟಲು ಜನ ಹೆದರುತ್ತಾರೆ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಮುಟ್ಟಬಹುದು, ಮುಟ್ಟಲೇಬೇಕು. ಉಸಿರಾಟ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಎರಡು ಇಂಚು ಒಳಹೋಗುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿ. ಆಂಬುಲೆನ್ಸ್ ಬರುವವರೆಗೆ ಬಿಡಬೇಡಿ. ಸಿಡಿಲು ಬಡಿದು ಹೃದಯ ನಿಂತವರಲ್ಲಿ ಹೀಗೆ ಕೂಡಲೇ ಒತ್ತಿದ್ದರಿಂದ ಬದುಕಿದವರು ಇದ್ದಾರೆ. ಒತ್ತುವ ಕ್ರಮವನ್ನು ವಾರ್ಡಿನ ಸಿಸ್ಟರ್ ಹತ್ತಿರ ಕೇಳಿದರೆ ಗೊಂಬೆಯ ಮೇಲೆ ಮಾಡಿ ತೋರಿಸುತ್ತಾರೆ. ಮನೆಗೆ ಹೋಗುವ ಮುನ್ನ ಮನೆಯವರಲ್ಲಿ ಒಬ್ಬರಾದರೂ ಕಲಿಯಿರಿ.

3. ಮುಂಗಾರು: ಬಣ್ಣದ ಅರ್ಥ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೇಡಿಯೋ, ಟಿವಿಯಲ್ಲಿ ಹಳದಿ, ಕಿತ್ತಳೆ, ಕೆಂಪು ಎಂದು ಹೇಳುವುದನ್ನು ಕೇಳಿರುತ್ತೀರಿ. ಬಹಳ ಮನೆಗಳಲ್ಲಿ ಕೆಂಪು ಎಂದರೆ ‘ನಾಳೆ ಶಾಲೆಗೆ ರಜೆಯೋ ಇಲ್ಲವೋ’ ಎಂಬಷ್ಟೇ ಅರ್ಥ. ರೋಗಿ ಇರುವ ಮನೆಯಲ್ಲಿ ಅದಕ್ಕೆ ಬೇರೆ ಅರ್ಥ ಇರಬೇಕು.

24 ಗಂಟೆಗಳಲ್ಲಿ 64.5 ಮಿಲಿಮೀಟರಿಗಿಂತ ಹೆಚ್ಚು ಬಿದ್ದರೆ ಭಾರೀ ಮಳೆ, 115.6ರಿಂದ ಮೇಲೆ ಅತಿ ಭಾರೀ ಮಳೆ, 204.4 ದಾಟಿದರೆ ಅತ್ಯಂತ ಭಾರೀ ಮಳೆ ಎಂದು ಹವಾಮಾನ ಇಲಾಖೆಯ ಲೆಕ್ಕ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ಅಂಗಳದ ಮೇಲೆ 204 ಮಿಲಿಮೀಟರ್ ಬಿದ್ದರೆ ಇಪ್ಪತ್ತು ಸಾವಿರ ಲೀಟರಿಗೂ ಹೆಚ್ಚು. ಅಂಥ ಎಷ್ಟೋ ಅಂಗಳಗಳ ನೀರು ನಿಮ್ಮ ಮನೆಯ ಹಿಂದಿನ ಗುಡ್ಡದ ಮೇಲೆ ಇಂಗುತ್ತಿರುತ್ತದೆ.

ರೋಗಿಯ ಮನೆಯವರು ಹೀಗೆ ನೆನಪಿಡಿ:

ಹಳದಿ: ಗಮನ ಇರಲಿ. ಮಾತ್ರೆ ಎಷ್ಟು ದಿನಕ್ಕಿದೆ ಎಂದು ಎಣಿಸಿ. ಮೊಬೈಲ್, ಟಾರ್ಚ್ ಚಾರ್ಜ್ ಮಾಡಿ.
ಕಿತ್ತಳೆ: ಸಿದ್ಧರಾಗಿ. ಚೀಲ ಬಾಗಿಲ ಬಳಿ ಇರಲಿ. ಎರಡು ಮೂರು ದಿನದಲ್ಲಿ ಆಸ್ಪತ್ರೆಯ ಭೇಟಿ ಇದ್ದರೆ ಇಂದೇ ಫೋನ್ ಮಾಡಿ.
ಕೆಂಪು: ಕೆಲಸ ಮಾಡುವ ಹೊತ್ತು. ಮನೆ ಧರೆಯ ಕೆಳಗೆ ಅಥವಾ ಹೊಳೆಯ ದಡದಲ್ಲಿ ಇದ್ದರೆ ರೋಗಿಯನ್ನು ಬೆಳಕಿರುವಾಗಲೇ ಸುರಕ್ಷಿತ ಮನೆಗೆ ಸಾಗಿಸಿ.

ನಡೆಯಲಾಗದವರನ್ನು ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ಎತ್ತಿಕೊಂಡು ಹೋಗುವುದು ಎಷ್ಟು ಕಷ್ಟ ಎಂದು ಎಣಿಸಿ ನೋಡಿ. ಗಟ್ಟಿ ಮೈಯವರು ಕೊನೆಯ ಗಳಿಗೆಯಲ್ಲಿ ಓಡಬಹುದು. ಹಾಸಿಗೆ ಹಿಡಿದವರು ಎಲ್ಲರಿಗಿಂತ ಮೊದಲು ಹೊರಡಬೇಕು. ಯಾರ ಮನೆಗೆ, ಯಾರು ಎತ್ತಬೇಕು, ಯಾರ ಆಟೋ ಅಥವಾ ಜೀಪು, ಈ ಮೂರನ್ನು ಮೇ ತಿಂಗಳಲ್ಲೇ ಮಾತಾಡಿ ಇಟ್ಟುಕೊಳ್ಳಿ.

4. ಧರೆ ಮತ್ತು ನೆರೆ

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದದ್ದು ನಿಮಗೆಲ್ಲ ಗೊತ್ತಿದೆ. ರಸ್ತೆಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದವು. ಮಣ್ಣು ನದಿಗೆ ಬಿದ್ದ ರಭಸಕ್ಕೆ ಆಚೆ ದಡದ ಉಳುವರೆ ಗ್ರಾಮದ ಮನೆಗಳಿಗೂ ನೀರು ಅಪ್ಪಳಿಸಿತು. ಹಲವರು ಪ್ರಾಣ ಕಳೆದುಕೊಂಡರು. ಒಂದು ಲಾರಿಯೂ ಅದರ ಚಾಲಕರ ದೇಹವೂ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅಪಾಯ ಗುಡ್ಡದ ಕೆಳಗಿನ ಮನೆಗಷ್ಟೇ ಅಲ್ಲ, ಎದುರು ದಡಕ್ಕೂ, ಮಳೆಯಲ್ಲಿ ಧರೆಯ ಬದಿ ವಾಹನ ನಿಲ್ಲಿಸಿ ವಿಶ್ರಮಿಸುವವರಿಗೂ ಇದೆ ಎಂಬುದನ್ನು ಆ ದಿನ ತೋರಿಸಿತು. ರೋಗಿಯನ್ನು ಕರೆದೊಯ್ಯುವಾಗ ಚಹಾಕ್ಕೆ ನಿಲ್ಲಿಸುವುದಿದ್ದರೆ ಕಡಿದ ಗುಡ್ಡದ ಕೆಳಗೆ ನಿಲ್ಲಿಸಬೇಡಿ.

ಧರೆ ಕುಸಿಯುವ ಮುನ್ನ ಕೆಲವು ಸಲ ಸೂಚನೆ ಸಿಗುತ್ತದೆ: ಅಂಗಳದಲ್ಲಿ, ಗುಡ್ಡದ ಮೇಲೆ ಹೊಸ ಬಿರುಕು; ಮರ, ವಿದ್ಯುತ್ ಕಂಬ ವಾಲುವುದು; ಮುಚ್ಚುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು; ತಿಳಿಯಾಗಿ ಬರುತ್ತಿದ್ದ ಒರತೆ ಕೆಸರಾಗುವುದು ಅಥವಾ ಹೊಸ ಜಾಗದಲ್ಲಿ ನೀರು ಉಕ್ಕುವುದು. ಇವುಗಳಲ್ಲಿ ಒಂದು ಕಂಡರೂ ಸಾಮಾನು ಕಟ್ಟಲು ನಿಲ್ಲದೆ ಹೊರಡಿ.

ನೆರೆ ನೀರಿನ ವಿಷಯದಲ್ಲಿ ಒಂದೇ ಮಾತು. ಹರಿಯುವ ನೀರು ಅರ್ಧ ಅಡಿ ಇದ್ದರೂ ಗಟ್ಟಿ ಮನುಷ್ಯನನ್ನು ಬೀಳಿಸಬಲ್ಲದು, ಎರಡು ಅಡಿ ಇದ್ದರೆ ಕಾರನ್ನು ತೇಲಿಸಬಲ್ಲದು. ಕಾಲುಸಂಕದ ಮೇಲೆ ನೀರು ಹತ್ತಿದ್ದರೆ ದಾಟಬೇಡಿ, ಮಕ್ಕಳನ್ನು ಒಬ್ಬರನ್ನೇ ಕಳಿಸಬೇಡಿ. ಕಾಳಿ ನದಿಯ ಕದ್ರಾ ಅಣೆಕಟ್ಟಿನ ಕೆಳಗಿನ ಊರುಗಳವರು ನೀರು ಬಿಡುವ ಸೂಚನೆ ಬಂದ ಕೂಡಲೇ ರೋಗಿಗಳನ್ನು ಎತ್ತರಕ್ಕೆ ಸಾಗಿಸಿ.

5. ಚಂಡಮಾರುತ

2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆಯೇ, ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲಿ ಹಾದುಹೋಯಿತು. ಅದು ದಡ ಸೇರಿದ್ದು ದೂರದ ಗುಜರಾತಿನಲ್ಲಿ. ಆದರೂ ಇಲ್ಲಿ ಮನೆಗಳು ಹಾಳಾದವು, ಮರ, ಕಂಬ ಉರುಳಿದವು, ಕರೆಂಟು ಹೋಯಿತು. ‘ಚಂಡಮಾರುತ ನಮ್ಮ ಕಡೆ ಬರುವುದಿಲ್ಲವಂತೆ’ ಎಂದು ನೆಮ್ಮದಿಯಾಗಿ ಇರುವಂತಿಲ್ಲ. ಕರೆಂಟು ಹೋಗುವುದೆಂದರೆ ರೋಗಿಯ ಮನೆಯಲ್ಲಿ ಆಕ್ಸಿಜನ್ ಯಂತ್ರ, ನೆಬ್ಯುಲೈಸರ್, ಇನ್ಸುಲಿನ್ ಇಟ್ಟ ಫ್ರಿಜ್, ನೀರಿನ ಪಂಪು, ಮೊಬೈಲ್ ಎಲ್ಲ ನಿಂತಂತೆ. ಮುನ್ಸೂಚನೆ ಬಂದ ದಿನ ನೀರು ತುಂಬಿಸಿ, ಎಲ್ಲವನ್ನೂ ಚಾರ್ಜ್ ಮಾಡಿ.

ಮೀನುಗಾರ ಕುಟುಂಬದವರಿಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆದರೆ ಚಂಡಮಾರುತಗಳು ಹೆಚ್ಚಾಗಿ ಏಳುವುದು ಅದಕ್ಕೆ ಮೊದಲು ಮೇ, ಜೂನ್ ಆರಂಭದಲ್ಲಿ ಮತ್ತು ನಂತರ ಅಕ್ಟೋಬರ್, ನವೆಂಬರಿನಲ್ಲಿ. ಆಸ್ಪತ್ರೆಯ ಖರ್ಚಾಗಿದೆ, ಒಂದು ದಿನವಾದರೂ ಹೋಗಿ ಬರೋಣ ಎಂದು ಎಚ್ಚರಿಕೆ ಇದ್ದ ದಿನ ಕಡಲಿಗೆ ಇಳಿಯಬೇಡಿ.

6. ರೋಗಿಯ ಚೀಲ

ನೀರು ಹೋಗದ ಒಂದು ಚೀಲ ಅಥವಾ ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಿ ಸಾಕು. ಅದರಲ್ಲಿ ಇವು ಇರಲಿ:

• ಡಿಸ್ಚಾರ್ಜ್ ಕಾರ್ಡ್, ಔಷಧ ಚೀಟಿ, ಮುಖ್ಯ ರಿಪೋರ್ಟುಗಳ ಝೆರಾಕ್ಸ್. ಇವುಗಳ ಫೋಟೋ ಎರಡು ಮೊಬೈಲಿನಲ್ಲಿ ಇರಲಿ.
• ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್, ಆಧಾರ್. ಗರ್ಭಿಣಿಯರ ತಾಯಿ ಕಾರ್ಡ್.
• ಮಳೆಗಾಲದಲ್ಲಿ ಕನಿಷ್ಠ ಎರಡು ವಾರದ ಮಾತ್ರೆ. ಮುಗಿಯುವ ದಿನ ತರಲು ಹೋಗುವ ಅಭ್ಯಾಸ ಬಿಡಿ.
• ರೋಗಿಯ ಹೆಸರು, ವಯಸ್ಸು, ಕಾಯಿಲೆ, ರಕ್ತದ ಗುಂಪು, ಯಾವ ಔಷಧ ಆಗುವುದಿಲ್ಲ, ಮನೆಯವರ ಫೋನ್ ನಂಬರ್ ಬರೆದ ಒಂದು ಚೀಟಿ.
• ಓಆರ್‌ಎಸ್ ಪೊಟ್ಟಣ ನಾಲ್ಕು, ಹತ್ತಿ, ಬ್ಯಾಂಡೇಜ್, ಥರ್ಮಾಮೀಟರ್.
• ಟಾರ್ಚ್, ಪವರ್ ಬ್ಯಾಂಕ್, ಸೀಟಿ, ಕನ್ನಡಕ, ಒಂದು ಜೊತೆ ಒಣ ಬಟ್ಟೆ, ಅವಲಕ್ಕಿ ಅಥವಾ ಬಿಸ್ಕತ್ತು, ಕುಡಿಯುವ ನೀರು, ಸ್ವಲ್ಪ ಚಿಲ್ಲರೆ ಹಣ.

7. ಕಾಯಿಲೆಗೆ ತಕ್ಕ ಎಚ್ಚರ

ಇನ್ಸುಲಿನ್: ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ ಇರಲಿ, ಮಂಜುಗಟ್ಟುವ ಭಾಗದಲ್ಲಿ ಬೇಡ. ಕರೆಂಟು ಹೋದರೆ ಫ್ರಿಜ್ ಬಾಗಿಲು ಪದೇ ಪದೇ ತೆರೆಯಬೇಡಿ. ದೊಡ್ಡ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರಲ್ಲಿ ಸಣ್ಣ ಮಡಕೆ ಕೂರಿಸಿ, ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಡಿ. ನೆರಳು, ಗಾಳಿ ಇರುವ ಜಾಗದಲ್ಲಿರಲಿ. ಮಳೆಗಾಲದ ತೇವದಲ್ಲಿ ಮಡಕೆ ಬೇಸಿಗೆಯಷ್ಟು ತಂಪಾಗುವುದಿಲ್ಲ, ಆದರೆ ಆಗ ಸೆಕೆಯೂ ಕಡಿಮೆ. ಬಳಸಲು ಆರಂಭಿಸಿದ ಬಾಟಲಿಯನ್ನು ನಾಲ್ಕು ವಾರದ ನಂತರ ಉಪಯೋಗಿಸಬೇಡಿ. ಊಟ ಸಿಗದ ದಿನ ಸಕ್ಕರೆ ಇಳಿಯಬಹುದು, ಚೀಲದಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ.

ಡಯಾಲಿಸಿಸ್: ನಿಮ್ಮ ಸರದಿ ದಿನ ಘಟ್ಟದ ರಸ್ತೆ ಮುಚ್ಚಿದರೆ ಏನು ಗತಿ ಎಂದು ಈಗಲೇ ಯೋಚಿಸಿ. 2021ರ ಜುಲೈ ಮಳೆಗೆ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಹಲವು ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕ ಇದೆ. ನಿಮಗೆ ಹತ್ತಿರದ್ದು ಯಾವುದೆಂದು ಕೇಳಿ, ಅಲ್ಲಿಗೆ ಪತ್ರ ಬರೆಸಿಕೊಳ್ಳಿ. ಒಂದು ಸರದಿ ತಪ್ಪಿದರೆ ನೀರು, ಉಪ್ಪು, ಬಾಳೆಹಣ್ಣು, ಎಳನೀರು, ಟೊಮೆಟೊ ವಿಷಯದಲ್ಲಿ ಪಾಲಿಸಬೇಕಾದ ತುರ್ತು ಪಥ್ಯವನ್ನು ಡಯಾಲಿಸಿಸ್ ವಿಭಾಗದಲ್ಲಿ ಬರೆಸಿಕೊಂಡು ಹೋಗಿ.

ಗರ್ಭಿಣಿಯರು: ಹೆರಿಗೆಯ ದಿನ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಇದ್ದು, ಮನೆ ಹೊಳೆಯಾಚೆ ಅಥವಾ ಘಟ್ಟದ ಸೆರಗಿನಲ್ಲಿ ಇದ್ದರೆ, ದಿನ ತುಂಬುವ ಎರಡು ವಾರ ಮೊದಲೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಬನ್ನಿ. ಆಶಾ ಕಾರ್ಯಕರ್ತೆಗೆ ತಿಳಿಸಿ.

ಆಕ್ಸಿಜನ್ ಬಳಸುವವರು: ಕರೆಂಟಿಲ್ಲದೆ ಎಷ್ಟು ಗಂಟೆ ನಡೆಯುತ್ತದೆ ಎಂದು ತಿಳಿದಿರಿ. ತುಂಬಿದ ಒಂದು ಸಿಲಿಂಡರ್ ಮೀಸಲು ಇರಲಿ. ಅದರ ಹತ್ತಿರ ಚಿಮಣಿ, ಮೇಣದಬತ್ತಿ ಹಚ್ಚಬೇಡಿ.

ಮೂರ್ಛೆರೋಗ, ಹೃದಯ, ಮಾನಸಿಕ ಕಾಯಿಲೆ: ಒಂದೆರಡು ದಿನ ಮಾತ್ರೆ ತಪ್ಪಿದರೂ ತೊಂದರೆ ಮರುಕಳಿಸಬಹುದು. ಇವರ ಮಾತ್ರೆ ಚೀಲದಲ್ಲಿ ಮೊದಲು ಇರಲಿ.

ಗಾಯ, ಹೊಲಿಗೆ, ಸಕ್ಕರೆ ಕಾಯಿಲೆಯ ಕಾಲು: ನೆರೆ ನೀರಿನಲ್ಲಿ ಬರಿಗಾಲಿನಲ್ಲಿ ಇಳಿಯಲೇಬೇಡಿ. ಪ್ಲಾಸ್ಟರ್ ಒದ್ದೆಯಾದರೆ ಒಣಗುತ್ತದೆ ಎಂದು ಬಿಡದೆ ತೋರಿಸಿ.

8. ನೀರು ಇಳಿದ ಮೇಲೆ

ನೀರು ಇಳಿದರೂ ಅಪಾಯ ಮುಗಿಯುವುದಿಲ್ಲ. ನೆರೆ ನುಗ್ಗಿದ ಬಾವಿಯ ನೀರನ್ನು ಕುದಿಸದೆ ಕುಡಿಯಬೇಡಿ. ಸಾಮಾನ್ಯವಾಗಿ ಸಾವಿರ ಲೀಟರ್ ತಿಳಿ ನೀರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಬೇಕು. ಕೆಸರು ನೀರಿಗೆ ಹೆಚ್ಚು ಬೇಕಾಗುವುದರಿಂದ ಆರೋಗ್ಯ ಸಹಾಯಕರನ್ನು ಕರೆಸಿ ಹಾಕಿಸಿ.

ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿ ಜ್ವರ ಬರುತ್ತದೆ. ಗದ್ದೆ, ಕೆಸರು, ನೆರೆ ನೀರಿನಲ್ಲಿ ಓಡಾಡಿದ ಮೇಲೆ ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಯಲ್ಲೇ ಜ್ವರದ ಮಾತ್ರೆ ನುಂಗಿ ಕೂರಬೇಡಿ. ವೈದ್ಯರಿಗೆ ‘ನೀರಿನಲ್ಲಿ ಇಳಿದಿದ್ದೆ’ ಎಂದು ನೀವೇ ಹೇಳಿ. ಆ ಒಂದು ಮಾತು ರೋಗ ಪತ್ತೆಗೆ ಸಹಾಯ.

ನೆರೆಗೆ ಹಾವುಗಳು ಒಣ ಜಾಗ ಹುಡುಕಿ ಮನೆಗೆ ಬರುತ್ತವೆ. ಸೌದೆ, ಹಾಸಿಗೆ ಸುರುಳಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಒದ್ದೆಯಾದ ಸ್ವಿಚ್ಚು, ಮೀಟರ್ ಮುಟ್ಟಬೇಡಿ. ತುಂಡಾಗಿ ಬಿದ್ದ ತಂತಿಯ ಹತ್ತಿರ ಜನ, ದನ ಹೋಗದಂತೆ ನೋಡಿ, 1912ಕ್ಕೆ ತಿಳಿಸಿ.

9. ಗೋಡೆಗೆ ಬರೆದಿಡುವ ನಂಬರುಗಳು

ಆಂಬುಲೆನ್ಸ್ 108. ಎಲ್ಲ ತುರ್ತು ಸಹಾಯಕ್ಕೆ 112. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077. ವಿದ್ಯುತ್ ದೂರು 1912. ಕರಾವಳಿ ಕಾವಲು ಪೊಲೀಸ್ 1093. ಕೋಸ್ಟ್ ಗಾರ್ಡ್ 1554. ಇವುಗಳ ಕೆಳಗೆ ನಿಮ್ಮ ಆಶಾ ಕಾರ್ಯಕರ್ತೆ, ಪಕ್ಕದ ಮನೆಯವರು, ವಾಹನ ಇರುವ ಒಬ್ಬರು, ನಮ್ಮ ವಾರ್ಡು, ಈ ನಾಲ್ಕು ನಂಬರ್ ಬರೆಯಿರಿ. ಮೊಬೈಲ್ ಬ್ಯಾಟರಿ ಸತ್ತಾಗ ಗೋಡೆಯ ಮೇಲಿನ ಅಕ್ಷರ ಉಪಯೋಗಕ್ಕೆ ಬರುತ್ತದೆ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

*ಸಿಸ್ಟರ್, ಸಿಡಿಲು ಬಡಿದವರನ್ನು ಸೆಗಣಿಯಲ್ಲಿ ಹೂತಿಟ್ಟರೆ ಬದುಕುತ್ತಾರೆ ಅನ್ನುತ್ತಾರಲ್ಲ?*
ಇಲ್ಲ ಅಣ್ಣಾ. ಎದೆ ಒತ್ತಬೇಕಾದ ನಿಮಿಷಗಳು ಅದರಲ್ಲೇ ಕಳೆದುಹೋಗುತ್ತವೆ. ಸುಟ್ಟ ಗಾಯಕ್ಕೆ ನಂಜೂ ಆಗುತ್ತದೆ.

*ಭೇಟಿಯ ದಿನ ಮಳೆ ಜೋರಾದರೆ ಬರಲೇಬೇಕೇ?*
ರಸ್ತೆ ಅಪಾಯದಲ್ಲಿದ್ದರೆ ಬರಬೇಡಿ, ಫೋನ್ ಮಾಡಿ. ಯಾವ ಭೇಟಿ ಮುಂದೂಡಬಹುದು, ಯಾವುದನ್ನು ಹತ್ತಿರದ ಆಸ್ಪತ್ರೆಯಲ್ಲಿ ಮಾಡಿಸಬೇಕು ಎಂದು ವೈದ್ಯರು ಹೇಳುತ್ತಾರೆ. ಆದರೆ ಎದೆನೋವು, ಉಸಿರುಗಟ್ಟುವುದು, ಬಾಯಿ ಸೊಟ್ಟಾಗುವುದು, ರಕ್ತಸ್ರಾವ, ಹೆರಿಗೆ ನೋವು ಇವಕ್ಕೆ ಕಾಯುವಂತಿಲ್ಲ. ಎಲ್ಲಿ ಹತ್ತಿರವೋ ಅಲ್ಲಿಗೆ ಹೋಗಿ. ಇಲ್ಲಿಗೇ ಬರಬೇಕೆಂದು ಘಟ್ಟ ಹತ್ತಬೇಡಿ.

*ಮನೆಯಲ್ಲಿ ನಾನು ಮತ್ತು ಹಾಸಿಗೆ ಹಿಡಿದ ಅತ್ತೆ ಇಬ್ಬರೇ. ಗಂಡಸರು ಕಡಲಿಗೆ ಹೋಗುತ್ತಾರೆ. ನಾನೇನು ಮಾಡಲಿ?*
ಅಕ್ಕಾ, ನಿಮ್ಮಂಥವರ ಮನೆಗೇ ಈ ಮಾತೆಲ್ಲ ಹೆಚ್ಚು ಬೇಕು. ಪಕ್ಕದ ಎರಡು ಮನೆಯವರಿಗೆ, ಆಶಾ ಕಾರ್ಯಕರ್ತೆಗೆ, ಗ್ರಾಮ ಪಂಚಾಯಿತಿಗೆ ‘ನಮ್ಮ ಮನೆಯಲ್ಲಿ ಎದ್ದು ಓಡಲಾಗದವರಿದ್ದಾರೆ’ ಎಂದು ಮಳೆಗಾಲಕ್ಕೆ ಮೊದಲೇ ಹೇಳಿ. ಕೇಳಿಕೊಳ್ಳುವುದಕ್ಕೆ ಸಂಕೋಚ ಬೇಡ. ಗಟ್ಟಿ ಚಾದರದ ನಾಲ್ಕು ಮೂಲೆ ಹಿಡಿದು ನಾಲ್ವರು ಒಬ್ಬರನ್ನು ಎತ್ತುವ ಕ್ರಮವನ್ನು ಇಂದು ಸಂಜೆ ವಾರ್ಡಿನಲ್ಲಿ ತೋರಿಸಿಕೊಡುತ್ತೇನೆ.

ಬಂಧುಗಳೇ, ಇಷ್ಟೆಲ್ಲ ನೆನಪಿಡುವುದು ಕಷ್ಟ ಎನಿಸಿದರೆ ಇಂದು ಎರಡು ಕೆಲಸವನ್ನಷ್ಟೇ ಮಾಡಿ. ಡಿಸ್ಚಾರ್ಜ್ ಕಾರ್ಡಿನ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೆ ಕಳಿಸಿ. ಮಾತ್ರೆ ಎಷ್ಟು ದಿನಕ್ಕಿದೆ ಎಂದು ಎಣಿಸಿ. ಉಳಿದದ್ದನ್ನು ಮನೆಗೆ ಹೋದ ವಾರದಲ್ಲಿ ಈ ಪುಟ ನೋಡಿಕೊಂಡು ಮಾಡಬಹುದು. ಸಂದೇಹ ಇದ್ದರೆ ವಾರ್ಡಿನಲ್ಲಿ ಯಾರನ್ನಾದರೂ ಕೇಳಿ. ನೀವೆಲ್ಲರೂ ಬೇಗ ಗುಣವಾಗಿ, ಸುಖವಾಗಿ ಊರು ಸೇರಿ.